ತೊಳೆದರೆ ಹೋಗುವುದು ಕೊಳೆಯೊಂದೇ ಅಲ್ಲ

ಹಳ್ಳಿ ದಾರಿಯಲ್ಲಿ ‘ಜೀರ್ಣೋದ್ಧಾರ ಮಹೋತ್ಸವ’ ಅಂತ ಫ್ಲೆಕ್ಸ್ ಕಂಡರೆ ಬೇರೆಯವರಿಗೆ ಭಕ್ತಿ ಬರುತ್ತೆ, ನನಗೆ ಗಾಬರಿ ಬರುತ್ತೆ. ಪದದಲ್ಲೇನೂ ತಪ್ಪಿಲ್ಲ. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸೋದು ಒಳ್ಳೆಯ ಕೆಲಸವೇ. ಆದರೆ ಆಮೇಲೆ ಹೋಗಿ ನೋಡಿದರೆ ನೆಲಕ್ಕೆ ಟೈಲ್ಸು, ಗೋಡೆಗೆ ಸಿಮೆಂಟು, ಕಂಬಕ್ಕೆ ಎನಾಮಲ್ ಪೇಂಟು, ಬಾಗಿಲಿಗೆ ಸ್ಟೀಲ್ ರೇಲಿಂಗು. ಪಕ್ಕದಲ್ಲಿ ದಾನಿಗಳ ಹೆಸರು ಕೆತ್ತಿಸಿದ ಕರಿ ಗ್ರಾನೈಟಿನ ಫಲಕ. ಎಂಟುನೂರು ವರ್ಷದ ಹಿಂದಿನ ದಾನಿಯ ಹೆಸರಿದ್ದ ಕಲ್ಲು ಮಾತ್ರ ಗುಡಿಯ ಹಿಂದೆ, ಚರಂಡಿ ಪಕ್ಕ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಭಾನುವಾರ ಬೈಕು ಹತ್ತುವ ಅಭ್ಯಾಸ ನಿಮಗಿದ್ದರೆ ಇದನ್ನು ನೀವೂ ನೋಡಿರ್ತೀರಿ. ಸಾವನದುರ್ಗ ಹತ್ತಿ, ರಾಮದೇವರ ಬೆಟ್ಟದಲ್ಲಿ ಶೋಲೆ ತೆಗೆದ ಬಂಡೆ ನೋಡಿ, ತಟ್ಟೆ ಇಡ್ಲಿ ತಿಂದು ವಾಪಸ್ ಬರುವಾಗ ಊರ ಬಾಗಿಲಲ್ಲಿ ಒಂದು ವೀರಗಲ್ಲು ಸಿಗುತ್ತೆ. ವೀರನ ಮೈಗೆ ಸಿಲ್ವರ್ ಪೇಂಟು, ಮೀಸೆಗೆ ಕಪ್ಪು, ಹಿನ್ನೆಲೆಗೆ ನೀಲಿ. ಕೆಳಗೆ ಎರಡು ಸಾಲು ಬರಹ ಇತ್ತೋ ಇಲ್ಲವೋ, ಈಗ ಹೇಳಲಾಗದು.

ನನ್ನ ತಕರಾರು ಚೆಂದದ್ದಲ್ಲ. ಆ ಬಣ್ಣ ಊರವರ ಕಣ್ಣಿಗೆ ಚೆಂದ, ಅವರ ದೇವರು, ಅವರ ಹಕ್ಕು. ನನ್ನ ತಕರಾರು ಓದಿನದ್ದು. ಹಳೆಯ ವಸ್ತುವಿನ ಮೈ ಅನ್ನೋದು ಒಂದು ಪುಟ. ನಾವು ‘ಕ್ಲೀನ್’ ಮಾಡ್ತೀವಿ ಅಂತ ಹೊರಟಾಗೆಲ್ಲ ಯಾರೂ ಓದಿರದ ಆ ಪುಟವನ್ನು ಅಳಿಸಿ, ಮೇಲೆ ನಮ್ಮ ಹೆಸರು ಬರೀತಿದ್ದೀವಿ.

ವಿದ್ಯಾವಂತರ ತಲೆಯಲ್ಲೂ ಒಂದು ಕ್ರಮ ಕೂತುಬಿಟ್ಟಿದೆ. ಮೊದಲು ಸಂಶೋಧನೆ, ಆಮೇಲೆ ಸಂರಕ್ಷಣೆ. ಪುರಾತತ್ವದವರು ಅಗೆಯುತ್ತಾರೆ, ಓದುತ್ತಾರೆ, ಪುಸ್ತಕ ಬರೆಯುತ್ತಾರೆ. ಅಲ್ಲಿಗೆ ಅಸಲಿ ಕೆಲಸ ಮುಗೀತು. ಉಳಿದ ಸಾಮಾನನ್ನು ಒರೆಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕೋದು ಕಾವಲಿನವರ ಕೆಲಸ. ಈ ಕ್ರಮವೇ ತಪ್ಪು ಅಂತ ನನ್ನ ವಾದ. ವಸ್ತುವನ್ನು ಕೆಡದಂತೆ ಕಾಯುವ ಕೆಲಸದೊಳಗೇ ಸಂಶೋಧನೆಯ ದೊಡ್ಡ ಭಾಗ ನಡೆಯುತ್ತೆ. ಕೆಲವು ಸಲ ಇಡೀ ಸಂಶೋಧನೆ ಅಲ್ಲೇ ಹುಟ್ಟುತ್ತೆ.

ದೂರ ಬೇಡ, ಕನ್ನಡದ್ದೇ ಉದಾಹರಣೆ ನೋಡಿ. ಕನ್ನಡದ ಅತಿ ಹಳೆಯ ಶಾಸನ ಯಾವುದು ಅಂದರೆ ಹಲ್ಮಿಡಿ, ಕ್ರಿ.ಶ. 450ರ ಸುಮಾರು ಅಂತ ಶಾಲೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವರು ನಾವು. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಆವರಣದಲ್ಲಿ 2013ರ ಸುಮಾರಿಗೆ ಕೇಂದ್ರ ಪುರಾತತ್ವ ಇಲಾಖೆ ಕೆಲಸ ನಡೆಸುತ್ತಿದ್ದಾಗ ಸಿಂಹದ ಆಕಾರದ ಒಂದು ಕಟಾಂಜನದ ಕಲ್ಲು ಸಿಕ್ಕಿತು. ಅದರ ಮೇಲೆ ಬರಹ ಇತ್ತು. ಇಲಾಖೆ ಅದನ್ನು ಕ್ರಿ.ಶ. 370ರದ್ದು ಅಂತ ಅಂದಾಜಿಸಿತು. ಆ ತೇದಿಯ ಬಗ್ಗೆ ವಿದ್ವಾಂಸರು ವಾದ ಮಾಡಲಿ, ಮಾಡಬೇಕು. ನನಗೆ ಮುಖ್ಯವಾದದ್ದು ಬೇರೆ. ಮೆಟ್ಟಿಲ ಪಕ್ಕದ ಮುರುಕು ಕಲ್ಲು ಅಂತ ಅದನ್ನು ಪಾಯಕ್ಕೆ ತುಂಬಿದ್ದರೆ, ಅಥವಾ ಮರಳು ಬ್ಲಾಸ್ಟಿಂಗ್ ಮಾಡಿ ಮೈ ಬೆಳ್ಳಗೆ ಮಾಡಿದ್ದರೆ, ವಾದ ಮಾಡೋಕೂ ಏನೂ ಇರ್ತಿರಲಿಲ್ಲ.

ತಂಜಾವೂರಿನ ಬೃಹದೀಶ್ವರದ್ದು ಇನ್ನೂ ಸೊಗಸಾದ ಕಥೆ. ಗರ್ಭಗುಡಿ ಸುತ್ತಲಿನ ಕತ್ತಲ ಓಣಿಯಲ್ಲಿ ನಾಯಕರ ಕಾಲದ ಚಿತ್ರಗಳಿದ್ದವು. ಅವುಗಳ ಅಡಿಯಲ್ಲಿ ಚೋಳರ ಕಾಲದ ಚಿತ್ರಗಳಿವೆ ಅಂತ 1931ರಲ್ಲಿ ಗೊತ್ತಾಯಿತು. ಈಗ ಏನು ಮಾಡ್ತೀರಿ? ಹಳೆಯದು ಬೇಕು ಅಂತ ಮೇಲಿನದನ್ನು ಕೆರೆದರೆ ನಾಯಕರು ಹೋದರು. ಮೇಲಿನದನ್ನು ಹಾಗೇ ಬಿಟ್ಟರೆ ಚೋಳರು ಕಾಣಲ್ಲ. ಪುರಾತತ್ವ ಇಲಾಖೆಯ ರಸಾಯನ ವಿಭಾಗದವರು ಮೇಲಿನ ಪದರವನ್ನು ಚಿತ್ರದ ಸಮೇತ ಬಿಡಿಸಿ, ಬೇರೆ ಹಲಗೆಗೆ ಅಂಟಿಸುವ ವಿಧಾನ ರೂಢಿಸಿಕೊಂಡರು. ಎರಡೂ ಉಳಿದವು, ಎರಡೂ ಓದಲು ಸಿಕ್ಕವು. ‘ಅಸಲಿ ರೂಪಕ್ಕೆ ತರ್ತೀವಿ’ ಅಂತ ನಮ್ಮೂರಲ್ಲಿ ಯಾರಾದರೂ ಹೇಳಿದರೆ ನಾನು ಕೇಳೋದು ಇಷ್ಟೇ: ಯಾರ ಕಾಲದ ಅಸಲಿ, ಸ್ವಾಮಿ?

ನಮ್ಮ ನಾಲ್ಕು ತಾಲ್ಲೂಕಿನ ಕಲ್ಲಿಗೆ ಬರೋಣ. ಇದು ಸಾಮಾನ್ಯ ಕಲ್ಲಲ್ಲ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟ್‌ನ ಹೆಸರಲ್ಲಿ. ಅದಕ್ಕೂ ಮುಂಚೆ ಶಂಶೇರಾಬಾದ್. ಊರಿನ ಹೆಸರು ಬದಲಾಯಿತು, 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರನ್ನೂ ಬೆಂಗಳೂರು ದಕ್ಷಿಣ ಅಂತ ಬದಲಿಸಲು ಸಂಪುಟ ಒಪ್ಪಿತು. ಭೂವಿಜ್ಞಾನಿಗಳು ಮಾತ್ರ ಇವತ್ತಿಗೂ ಇಲ್ಲಿನ ಬಂಡೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೀತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಗಟ್ಟಿ ಕಲ್ಲಿಗೆ ಏನಾಗುತ್ತೆ ಬಿಡಿ ಅನ್ನಿಸಬಹುದು. ಆಗುತ್ತೆ. ಕಲ್ಲಿನ ಬುಡದಲ್ಲಿ ದಿನಾ ದೀಪ, ಕರ್ಪೂರ ಉರಿದರೆ ಮೇಲ್ಮೈ ಕಾದು ಚಕ್ಕೆ ಏಳುತ್ತೆ. ಎಣ್ಣೆ ಬಿದ್ದು ಬಿದ್ದು ಧೂಳು ಹಿಡಿದು ಅಕ್ಷರದ ಗುಳಿ ತುಂಬುತ್ತೆ. ಅದನ್ನು ತೆಗೆಯೋಕೆ ತಂತಿ ಬ್ರಷ್ ತಂದರೆ ಎಣ್ಣೆ ಜತೆ ಅಕ್ಷರದ ಅಂಚೂ ಹೋಗುತ್ತೆ. ಎನಾಮಲ್ ಬಳಿದರೆ ಕಲ್ಲಿನೊಳಗಿನ ತೇವ ಹೊರಗೆ ಬರಲಾಗದೆ, ಉಪ್ಪು ಹರಳುಗಟ್ಟಿ, ಬಣ್ಣದ ಕೆಳಗಿನ ಪದರವನ್ನೇ ಕಿತ್ತು ಹಾಕುತ್ತೆ. ಕಟ್ಟೆಗೆ ಹಾಕಿದ ಸಿಮೆಂಟು ಇನ್ನಷ್ಟು ಉಪ್ಪು ತಂದುಕೊಡುತ್ತೆ. ಹೀಗಾಗಿ ಬಣ್ಣ ಬಳಿದ ಕಲ್ಲು ನೋಡೋಕೆ ಹೊಸದು, ಒಳಗೆ ರೋಗಿ.

ಅಕ್ಷರದ ಅಂಚು ಹೋದರೆ ಏನು ಮಹಾ, ಬರಹದ ತಿರುಳು ಗೊತ್ತಲ್ಲ, ಪುಸ್ತಕದಲ್ಲಿದೆಯಲ್ಲ, ಅನ್ನುವವರಿದ್ದಾರೆ. ಬೆಂಗಳೂರಲ್ಲೇ ಹುಟ್ಟಿದ ಬಿ.ಎಲ್. ರೈಸ್ ಈ ತಾಲ್ಲೂಕುಗಳನ್ನೆಲ್ಲ ಸೇರಿಸಿ ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ ಹೊರತಂದರು. ಅಗಾಧವಾದ ಕೆಲಸ, ಕೈ ಮುಗಿಯಬೇಕು. ಆದರೆ ಅದು ಆ ಕಾಲದ ಕಣ್ಣು ಓದಿದ್ದು. ತೇದಿಯಿಲ್ಲದ ಎಷ್ಟೋ ಶಾಸನಗಳಿಗೆ ಕಾಲ ಕಟ್ಟೋದೇ ಅಕ್ಷರದ ವಳಿಯಿಂದ: ತಲೆಕಟ್ಟು ಎಷ್ಟು ಅಗಲ, ‘ಕ’ದ ಹೊಟ್ಟೆ ಎಷ್ಟು ದುಂಡು, ಕೆತ್ತಿದ ಉಳಿ ಎಷ್ಟು ಆಳ. ಅಚ್ಚಾದ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ, ಅಚ್ಚಿನ ಮೊಳೆ ಅಷ್ಟೇ ಇದೆ. ಅನುಮಾನ ಬಂದಾಗ ಮತ್ತೆ ಕಲ್ಲಿನ ಹತ್ತಿರ ಹೋಗಬೇಕು. ಕಲ್ಲು ಕೆಟ್ಟಿದ್ದರೆ ಮೊದಲ ಓದೇ ಕೊನೆಯ ಓದು. ತಪ್ಪಿದ್ದರೆ ತಪ್ಪೇ ಶಾಶ್ವತ.

ಇನ್ನು ನೆಲದೊಳಗಿನದ್ದು. ಸಾವನದುರ್ಗದ ಸುತ್ತ ಬೃಹತ್ ಶಿಲಾಯುಗದ ಸಮಾಧಿಗಳಿವೆ ಅನ್ನೋದು ಟ್ರೆಕ್ಕಿಂಗ್ ಹೋಗುವ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿಲ್ಲ. ಬ್ರ್ಯಾನ್‌ಫಿಲ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿನ ಕಲ್ಲಿನ ಗೋರಿಗಳ ಬಗ್ಗೆ 1881ರಲ್ಲೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದಿದ್ದಾನೆ. ಇಂಥ ಗೋರಿಗಳಲ್ಲಿ ದಕ್ಷಿಣ ಭಾರತದುದ್ದಕ್ಕೂ ಸಿಗುವ ಸಾಮಾನು ಒಂದೇ ಬಗೆಯದು: ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆಗಳು, ಕಬ್ಬಿಣದ ಕತ್ತಿ, ಈಟಿ, ಕೊಡಲಿ, ಮಣಿಗಳು, ಮೂಳೆ.

ಆ ಕಾಲದ ಅಗೆತಗಾರ ನೋಡುತ್ತಿದ್ದದ್ದು ಆಕಾರವನ್ನು. ಮಡಕೆ ಒಡೆಯದೆ ಬಂದರೆ ಖುಷಿ, ತೊಳೆದು, ಅಳೆದು, ಚಿತ್ರ ಬರೆದುಕೊಳ್ಳೋದು. ಒಳಗಿನ ಮಣ್ಣು ಕಸ. ತಪ್ಪು ಅಂತ ಹೇಳಲಾರೆ. ಇದ್ದಿಲಿನಿಂದ ಕಾಲ ಅಳೆಯುವ ರೇಡಿಯೊಕಾರ್ಬನ್ ವಿಧಾನ ಬಂದದ್ದೇ 1940ರ ದಶಕದ ಕೊನೆಗೆ. ಇವತ್ತು ಅದೇ ‘ಕಸ’ ಚಿನ್ನ. ಮಣ್ಣಿನ ಮಡಕೆಗೆ ಗಾಜಿನ ಲೇಪ ಇರಲ್ಲ, ಅದು ಹೀರುತ್ತೆ. ಬೇಯಿಸಿದ ಸಾರಿನ ಜಿಡ್ಡು ಗೋಡೆಯೊಳಗೆ ಇಳಿದು ಸಾವಿರಾರು ವರ್ಷ ಕೂತಿರುತ್ತೆ. ಪ್ರಯೋಗಾಲಯದಲ್ಲಿ ಆ ಜಿಡ್ಡನ್ನು ಬಿಡಿಸಿದರೆ ಒಳಗೆ ಬೆಂದದ್ದು ಮಾಂಸವೋ ಹಾಲೋ ಅಂತ ಅಂದಾಜು ಮಾಡಬಹುದು. ಬೀಸುವ ಕಲ್ಲಿನ ರಂಧ್ರಗಳಲ್ಲಿ ಪಿಷ್ಟದ ಕಣಗಳು ಉಳಿದಿರುತ್ತವೆ, ಅರೆದದ್ದು ಯಾವ ಧಾನ್ಯ ಅಂತ ಅವು ಸುಳಿವು ಕೊಡುತ್ತವೆ. ಕಲ್ಲನ್ನು ಸೋಪು ಹಾಕಿ ಉಜ್ಜಿದಿರೋ, ಸಾಕ್ಷಿ ಮೋರಿಗೆ.

ತುಕ್ಕಿನ ಕಥೆ ಇನ್ನೂ ವಿಚಿತ್ರ. ನಮಗೆ ತುಕ್ಕು ಅಂದರೆ ರೋಗ, ಉಜ್ಜಿ ತೆಗೀಬೇಕು. ಆದರೆ ಗೋರಿಯಲ್ಲಿ ಕತ್ತಿಯನ್ನು ಬಟ್ಟೆ ಸುತ್ತಿಟ್ಟಿದ್ದರೆ, ಬಟ್ಟೆ ಕೊಳೆಯುವ ಮೊದಲೇ ಕಬ್ಬಿಣದ ತುಕ್ಕು ಅದರ ನೂಲಿನೊಳಗೆ ಇಳಿದು ನೂಲಿನ ಅಚ್ಚನ್ನೇ ಉಳಿಸಿಬಿಡುತ್ತೆ. ಮರದ ಹಿಡಿಯ ನಾರೂ ಹಾಗೇ ಉಳಿಯಬಹುದು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ನವಶಿಲಾಯುಗದ ಗೋರಿಯೊಂದರಲ್ಲಿ ತಾಮ್ರದ ಮಣಿಗಳು ಸಿಕ್ಕಿದ್ದವು. ಅವುಗಳ ಕಿಲುಬಿನೊಳಗೆ ಪೋಣಿಸಿದ್ದ ದಾರ ಖನಿಜವಾಗಿ ಉಳಿದಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಹತ್ತಿ ಅಂತ ಗೊತ್ತಾಗಿ 2002ರಲ್ಲಿ ಪ್ರಕಟವಾಯಿತು. ಹತ್ತಿಯ ಬಳಕೆಗೆ ಸಿಕ್ಕ ಅತಿ ಹಳೆಯ ಸಾಕ್ಷಿಗಳಲ್ಲಿ ಅದೊಂದು. ಯಾರಾದರೂ ಹಬ್ಬದ ಹಿಂದಿನ ದಿನ ಅಮ್ಮ ದೀಪ ಬೆಳಗಿದ ಹಾಗೆ ಆ ಮಣಿಗಳನ್ನು ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಿದ್ದರೆ? ಫಳಫಳ ಹೊಳೀತಿದ್ದವು. ಹತ್ತಿಯ ಇತಿಹಾಸ ಸಿಂಕಿನಲ್ಲಿ ಹರಿದು ಹೋಗ್ತಿತ್ತು. ಅದಕ್ಕೇ ಈಗ ಒಳ್ಳೆಯ ಸಂರಕ್ಷಕರು ಲೋಹದ ವಸ್ತು ಕೈಗೆ ಬಂದರೆ ಮೊದಲು ಎಕ್ಸ್‌ರೇ ತೆಗೀತಾರೆ, ಆಮೇಲೆ ಮುಟ್ತಾರೆ. ಆ ಎಕ್ಸ್‌ರೇ ನೋಡೋ ಗಳಿಗೆಯಲ್ಲಿ ಅವರು ಕಾವಲುಗಾರರಲ್ಲ, ಮೊದಲ ಓದುಗರು.

ಹಾಗಂತ ತುಕ್ಕನ್ನು ಬಿಟ್ಟು ಕೂತರೂ ಆಗಲ್ಲ. ನೆಲದಿಂದ ಹೊರಬಂದ ಕಬ್ಬಿಣ ಗಾಳಿ, ತೇವ ಸೋಕಿದ ಕೂಡಲೇ ಬೇಗ ಕೆಡೋಕೆ ಶುರು. ಒಳಗೆ ಸೇರಿದ ಉಪ್ಪು ಅದನ್ನು ಸೀಳಿ ಪುಡಿ ಮಾಡುತ್ತೆ. ಅಗೆತಕ್ಕೆ ದುಡ್ಡಿಟ್ಟು, ಸಿಕ್ಕಿದ್ದನ್ನು ತೇವ ಇಲ್ಲದ ಡಬ್ಬಿಯಲ್ಲಿ ಇಡೋಕೆ ದುಡ್ಡಿಲ್ಲ ಅಂದರೆ ಅದು ಅಗೆತವಲ್ಲ, ನಿಧಾನವಾದ ಅಂತ್ಯಸಂಸ್ಕಾರ. ಮಣ್ಣಿನೊಳಗೇ ಬಿಟ್ಟಿದ್ದರೆ ಇನ್ನಷ್ಟು ಕಾಲ ಬಾಳುತ್ತಿತ್ತು. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಶಿವಗಳೈ ಮೊದಲಾದ ಕಡೆಯ ಕಬ್ಬಿಣಕ್ಕೆ ಐದು ಸಾವಿರ ವರ್ಷದ ಹಳಮೆ ಇದೆ ಅಂತ ವರದಿ ಬಿಡುಗಡೆ ಮಾಡಿದಾಗ ನಮ್ಮಲ್ಲಿ ಎಲ್ಲರೂ ‘ನಮ್ಮದ್ಯಾಕೆ ಇಲ್ಲ’ ಅಂತ ಕೇಳಿದರು. ಆ ತೇದಿಗಳ ಬಗ್ಗೆ ಚರ್ಚೆ ನಡೀತಾ ಇದೆ, ಇರಲಿ. ಆದರೆ ಅಂಥ ಚರ್ಚೆಗೆ ಕೂರಬೇಕಾದರೆ ಕೈಯಲ್ಲಿ ಬೇಕಾದ್ದು ಅಭಿಮಾನವಲ್ಲ, ಕೆಡದ ಇದ್ದಿಲು, ತೊಳೆಯದ ಮಡಕೆ, ಯಾವ ಪದರದಿಂದ ಬಂತು ಅಂತ ಬರೆದಿಟ್ಟ ಚೀಟಿ.

ನಮ್ಮ ಮುದ್ದೆಯ ಮೂಲಕ್ಕೂ ಇದೇ ಗತಿ. ರಾಗಿ ಆಫ್ರಿಕಾದಿಂದ ಬಂದ ಬೆಳೆ. ಯಾವಾಗ ಬಂತು? ದಕ್ಷಿಣ ಏಷ್ಯಾದ ಹಲವು ಹಳೆಯ ಅಗೆತಗಳ ವರದಿಗಳಲ್ಲಿ ‘ರಾಗಿ ಸಿಕ್ಕಿದೆ’ ಅಂತಿತ್ತು. ಡೋರಿಯನ್ ಫುಲ್ಲರ್ ಎಂಬ ಸಸ್ಯ ಪುರಾತತ್ವಜ್ಞ ಅವನ್ನೆಲ್ಲ ಮತ್ತೆ ಪರಿಶೀಲಿಸಿ, ರಾಗಿ ಅಂದುಕೊಂಡ ಕಾಳುಗಳಲ್ಲಿ ಬಹಳಷ್ಟು ಬೇರೆ ಕಿರುಧಾನ್ಯಗಳು ಅಂತ 2003ರ ವಿಮರ್ಶೆಯಲ್ಲಿ ವಾದಿಸಿದರು. ದಕ್ಷಿಣದ ನವಶಿಲಾಯುಗದ ಜನ ತಿಂತಿದ್ದದ್ದು ಮುಖ್ಯವಾಗಿ ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು ಅಂತ ಸಂಗನಕಲ್ಲಿನಂಥ ತಾಣಗಳ ಸುಟ್ಟ ಕಾಳುಗಳು ತೋರಿಸಿಕೊಟ್ಟವು. ಇಲ್ಲಿ ಗಮನಿಸಿ: ಹಳೆಯ ತಪ್ಪನ್ನು ತಿದ್ದೋಕೆ ಸಾಧ್ಯವಾದದ್ದು ಸಾಸಿವೆಯಷ್ಟು ಕರಿ ಕಾಳನ್ನೋ, ಕಡೇಪಕ್ಷ ಅದರ ಚಿತ್ರವನ್ನೋ ಯಾರೋ ಉಳಿಸಿದ್ದರಿಂದ. ಸಂರಕ್ಷಣೆ ಅಂದರೆ ಮುಂದಿನವರಿಗೆ ‘ನೀನು ಹೇಳಿದ್ದು ತಪ್ಪು’ ಅನ್ನೋ ಹಕ್ಕು ಬಿಟ್ಟುಹೋಗೋದು. ವಿಜ್ಞಾನ ಅಂದರೂ ಅದೇ.

ಹಾಗಾದರೆ ಎಲ್ಲವನ್ನೂ ಹೊತ್ತು ತಂದು ಮ್ಯೂಸಿಯಮ್ಮಿಗೆ ಹಾಕೋಣ ಅಂದರೆ, ಅಲ್ಲೂ ಒಂದು ತೊಡಕಿದೆ. ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮ ಗೊತ್ತಾ? ವಿಜಯನಗರದ ಬುಕ್ಕರಾಯ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ಜಗಳ ತೀರಿಸಿ, ಇಬ್ಬರಲ್ಲೂ ಭೇದವಿಲ್ಲ ಅಂತ ಹಾಕಿಸಿದ ಶಾಸನ ಎಲ್ಲರಿಗೂ ಗೊತ್ತು. ಶ್ರವಣಬೆಳಗೊಳದ್ದು ಅಂತಲೇ ಅದು ಪ್ರಸಿದ್ಧ. ಅದೇ ತೀರ್ಪಿನ ಇನ್ನೊಂದು ಕಲ್ಲು ಕಲ್ಯದಲ್ಲಿದೆ, ರೈಸ್ ಅದನ್ನು ಮಾಗಡಿ ತಾಲ್ಲೂಕಿನ 18ನೆಯ ಶಾಸನವಾಗಿ ಸೇರಿಸಿದ್ದಾರೆ. ದೂರು ಕೊಟ್ಟ ಜೈನರ ಊರುಗಳ ಪಟ್ಟಿಯಲ್ಲಿ ಕಲ್ಲೆಹ ಅನ್ನುವ ಪಟ್ಟಣದ ಹೆಸರು ಬರುತ್ತೆ, ಅದು ಇದೇ ಕಲ್ಯ.

ಬರಹ ಮಾತ್ರ ಬೇಕು ಅಂದರೆ ಬೆಳಗೊಳದ ಕಲ್ಲು ಸಾಕು, ಕಲ್ಯದ್ದು ಡೂಪ್ಲಿಕೇಟ್. ಆದರೆ ಕಲ್ಯದ ಕಲ್ಲು ನಿಂತ ಜಾಗವೇ ಒಂದು ಮಾತು ಹೇಳುತ್ತೆ: ಇವತ್ತು ಸಣ್ಣ ಹಳ್ಳಿಯಾಗಿರೋ ಈ ಊರು ಆವತ್ತು ರಾಜನ ಬಾಗಿಲಿಗೆ ದೂರು ಒಯ್ಯುವಷ್ಟು ದೊಡ್ಡ ಪಟ್ಟಣ, ರಾಜನ ತೀರ್ಪು ಬೆಳಗೊಳದಲ್ಲಷ್ಟೇ ಅಲ್ಲ, ದೂರುದಾರರ ಮನೆ ಬಾಗಿಲಲ್ಲೂ ನೆಡಲ್ಪಡ್ತಿತ್ತು. ಆ ಕಲ್ಲನ್ನು ಕಿತ್ತು ಯಾವುದೋ ನಗರದ ಗ್ಯಾಲರಿಯಲ್ಲಿ ಲೈಟ್ ಹಾಕಿ ನಿಲ್ಲಿಸಿದರೆ ಅಕ್ಷರ ಉಳಿಯುತ್ತೆ, ವಿಳಾಸ ಹೋಗುತ್ತೆ. ಶಾಸನದ ಅರ್ಧ ಅರ್ಥ ಅದರ ವಿಳಾಸದಲ್ಲಿದೆ. ರಸ್ತೆ ಅಗಲ ಮಾಡುವಾಗ ಜೆಸಿಬಿ ಕಲ್ಲನ್ನು ಇನ್ನೂರು ಮೀಟರ್ ಆಚೆ ತಳ್ಳಿದರೂ ಅದೇ ನಷ್ಟ, ಕಲ್ಲು ಒಡೆಯದಿದ್ದರೂ.

ಕೆಂಪೇಗೌಡರ ಸಮಾಧಿಯೂ ಇದಕ್ಕೆ ಸಾಕ್ಷಿ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದ ಕಟ್ಟಡವೊಂದನ್ನು ಸಂಶೋಧಕರು ಕೆಂಪೇಗೌಡರ ಸಮಾಧಿ ಅಂತ ಗುರುತಿಸಿದರು. ಗುರುತು ಸಿಕ್ಕಿದ್ದು ಅದರ ಮೇಲೇ ಇದ್ದ ಬರಹದಿಂದ. ಬೆಂಗಳೂರು ಕಟ್ಟಿದವನ ಸಮಾಧಿ ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲವಲ್ಲ ಅಂತ ಪೇಪರಿನವರು ಮರುಗಿದರು. ನನಗನ್ನಿಸಿದ್ದು ಬೇರೆ. ಸದ್ಯ, ಗೊತ್ತಿಲ್ಲದಿದ್ದದ್ದೇ ಪುಣ್ಯ! ಗೊತ್ತಿದ್ದಿದ್ದರೆ ಐವತ್ತು ವರ್ಷದ ಹಿಂದೆಯೇ ಯಾರೋ ಗಾರೆ ಬಳಿದು, ಸುಣ್ಣ ಹೊಡೆದು, ‘ಉದ್ಧಾರ’ ಮಾಡಿಬಿಡುತ್ತಿದ್ದರು. ಗುರುತಿಸೋಕೆ ಬರಹವೇ ಇರ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತಿದೆ, ಅಭಿವೃದ್ಧಿಯ ಮಾತೂ ಇದೆ. ಆದ್ದರಿಂದ ಈಗಲೇ ಹೆಚ್ಚು ಭಯ.

ಮ್ಯೂಸಿಯಂ ಬೇಡ ಅಂತ ನಾನು ಹೇಳ್ತಿಲ್ಲ. ರಾಮನಗರದ ಜಾನಪದ ಲೋಕವನ್ನೇ ತಗೊಳ್ಳಿ. ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಕೂಡಿಸಿದ ಸಾಮಾನು: ಗುಡಾಣ, ಕೊಳಗ, ಒರಳು, ಒನಕೆ, ನೇಗಿಲು, ಗೊಂಬೆ, ವೇಷ. ಮೈಸೂರು ರಸ್ತೆಯಲ್ಲಿ ಹೋಗೋರು ಇದನ್ನು ಮಕ್ಕಳಿಗೆ ‘ಅಜ್ಜಿ ಕಾಲದ್ದು’ ತೋರಿಸೋ ಜಾಗ ಅಂದುಕೊಂಡಿದ್ದಾರೆ. ಪುರಾತತ್ವದ ಕಣ್ಣಲ್ಲಿ ಅದು ನಿಘಂಟು. ಅಗೆತದಲ್ಲಿ ಸಿಗೋ ಸವೆದ ಕಲ್ಲಿನ ಗುಳಿ ಕುಟ್ಟಿದ್ದರಿಂದಲೋ, ಅರೆದದ್ದರಿಂದಲೋ ಅಂತ ತಿಳೀಬೇಕಾದರೆ, ಯಾವ ಕೆಲಸಕ್ಕೆ ಕಲ್ಲು ಹೇಗೆ ಸವೆಯುತ್ತೆ ಅಂತ ತೋರಿಸೋ ಗೊತ್ತಿರುವ ಕಲ್ಲು ಬೇಕು. ನಾಗೇಗೌಡರು ವಸ್ತುಗಳ ಜತೆ ಹಾಡನ್ನೂ ಧ್ವನಿಮುದ್ರಿಸಿಕೊಂಡರು ಅನ್ನೋದು ಸಣ್ಣ ಮಾತಲ್ಲ. ಬೀಸುವ ಕಲ್ಲು ಇದ್ದು ಬೀಸುವ ಪದ ಇಲ್ಲದಿದ್ದರೆ, ಎಷ್ಟು ಹೊತ್ತು, ಎಷ್ಟು ಜನ, ಯಾವ ಲಯದಲ್ಲಿ ಬೀಸಿದರು ಅನ್ನೋದು ಕಲ್ಲಿನಿಂದ ಬರೋದಿಲ್ಲ.

ನನ್ನ ಟೀಕೆ ನಮ್ಮ ಮ್ಯೂಸಿಯಂ ಸಂಸ್ಕೃತಿಯ ಮೇಲೆ. ಬಹುತೇಕ ಕಡೆ ನೋಡುಗನಿಗೆ ವಸ್ತುವಿನ ಹೆಸರು ಸಿಗುತ್ತೆ, ಜಾತಕ ಸಿಗಲ್ಲ. ಯಾವ ಊರು, ಯಾರ ಮನೆ, ಏನು ಅರೆದರು, ಯಾವಾಗ ಬಿಟ್ಟರು, ಇಲ್ಲಿಗೆ ಬಂದ ಮೇಲೆ ಯಾವ ಎಣ್ಣೆ ಹಚ್ಚಿದರು? ಕೊನೆಯದ್ದು ತಮಾಷೆಯಲ್ಲ. ನಾಳೆ ಯಾರೋ ಆ ಒರಳಿನ ಜಿಡ್ಡು ಪರೀಕ್ಷಿಸಿ ‘ಎಳ್ಳೆಣ್ಣೆ ಬಳಸುತ್ತಿದ್ದರು’ ಅಂತ ಬರೆದರೆ, ಅದು ಅಜ್ಜಿಯದ್ದೋ ಅಟೆಂಡರ್‌ದೋ ಅಂತ ಹೇಗೆ ಗೊತ್ತಾಗಬೇಕು? ಸಂರಕ್ಷಕನ ಮೊದಲ ಉಪಕರಣ ಬ್ರಷ್ ಅಲ್ಲ, ನೋಟ್‌ಬುಕ್ಕು. ಏನು ಮಾಡಿದೆ, ಯಾವಾಗ, ಏನು ಹಚ್ಚಿದೆ, ಬೇಕಾದರೆ ತೆಗೆಯಬಹುದಾ, ಇಷ್ಟು ಬರೆದಿಟ್ಟರೆ ಅರ್ಧ ವಿಜ್ಞಾನ ಮುಗೀತು.

ಚನ್ನಪಟ್ಟಣದ ಬೊಂಬೆಗೂ ಇದೇ ನ್ಯಾಯ. ತಿರುಗೋ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತೆ, ಆಮೇಲೆ ಒಣ ಗರಿಯಿಂದ ಉಜ್ಜಿ ಹೊಳಪು. ಹಳೆಯ ಬೊಂಬೆಯೊಂದರ ಮೈಯಲ್ಲಿ ಉಳಿಯ ಗೀರು, ಅರಗಿನ ಪದರ, ಬಣ್ಣದ ಪುಡಿ ಮೂರೂ ಕೂತಿರುತ್ತವೆ. ಕೈಯಿಂದ ತಿರುಗಿಸಿದ್ದೋ, ಮೋಟಾರಿನದ್ದೋ, ಬಣ್ಣ ಅಂಗಡಿಯದ್ದೋ, ಗಿಡದ್ದೋ ಅಂತ ವಿಚಾರಿಸೋಕೆ ಅವೇ ಆಧಾರ. ಅಟ್ಟದಲ್ಲಿ ಸಿಕ್ಕ ಅಜ್ಜನ ಕಾಲದ ಬೊಂಬೆಯನ್ನು ಇನ್‌ಸ್ಟಾಗೋಸ್ಕರ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ವಾರ್ನಿಶ್ ಹೊಡೆದರೆ, ಅದು ಹೊಸ ಬೊಂಬೆ. ಹೊಸ ಬೊಂಬೆ ಬೇಕಿದ್ದರೆ ಅಂಗಡಿಯಲ್ಲಿ ಸಿಗುತ್ತಲ್ಲ!

ಈಗ ನನ್ನ ಐಟಿ ಗೆಳೆಯರ ಪ್ರಶ್ನೆ: ‘ಎಲ್ಲಾ ಸ್ಕ್ಯಾನ್ ಮಾಡಿ ಕ್ಲೌಡಿಗೆ ಹಾಕಿದರೆ ಆಯ್ತಲ್ಲ?’ ಪ್ರಶ್ನೆ ಹಗುರವಲ್ಲ. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೀತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರ ಪರದೆಯ ಮೇಲೆ ಎದ್ದು ಬರುತ್ತೆ. ಹಳೆಯ ಓದಿನ ತಪ್ಪುಗಳೂ ತಿದ್ದಿಕೊಂಡಿವೆ. 2018ರಲ್ಲಿ ಹೆಬ್ಬಾಳದಲ್ಲಿ ಗುರುತಿಸಿದ ಕಿತ್ತಯ್ಯನ ಶಾಸನ, ಕ್ರಿ.ಶ. 750ರ ಸುಮಾರಿನದು, ನಗರದ ಜನಕ್ಕೆ ಶಾಸನದ ರುಚಿ ಹತ್ತಿಸಿದೆ. ಈ ಕೆಲಸ ಮಾಡುವವರ ಬಗ್ಗೆ ನನಗೆ ಪೂರ್ತಿ ಗೌರವ.

ಆದರೆ ಸ್ಕ್ಯಾನ್ ಹಿಡಿಯೋದು ಮೈಯನ್ನು ಮಾತ್ರ. ಕಲ್ಲು ಯಾವ ಗಣಿಯದ್ದು, ಗುಳಿಯೊಳಗೆ ಹಳೆಯ ಸುಣ್ಣವೋ ಬಣ್ಣವೋ ಉಳಿದಿದೆಯಾ, ಬುಡದ ಮಣ್ಣಿನಲ್ಲಿ ಏನಿದೆ, ಇವಕ್ಕೆ ಫೈಲಿನಲ್ಲಿ ಉತ್ತರ ಇಲ್ಲ. ಮುಖ್ಯವಾಗಿ, ನಾಳೆ ಬರುವ ಪ್ರಶ್ನೆ ಯಾವುದು ಅಂತ ಇವತ್ತು ನಮಗೆ ಗೊತ್ತಿಲ್ಲ. 1901ರಲ್ಲಿ ಗ್ರೀಸಿನ ಸಮುದ್ರದಿಂದ ಆಂಟಿಕಿಥೆರಾ ಯಂತ್ರದ ಕಂಚಿನ ಚೂರುಗಳನ್ನು ಎತ್ತಿದಾಗ ಅವು ಕಿಲುಬಿನ ಉಂಡೆ. ನೂರು ವರ್ಷ ಕಾದಿಟ್ಟರು. 2005ರಲ್ಲಿ ಸಿಟಿ ಸ್ಕ್ಯಾನ್ ಮಾಡಿದಾಗ ಒಳಗಿನ ಹಲ್ಲುಚಕ್ರಗಳೂ ಬರಹವೂ ಕಂಡವು. 1901ರಲ್ಲೇ ‘ಫೋಟೋ ತೆಗೆದಾಯ್ತಲ್ಲ, ಇನ್ನೇಕೆ’ ಅಂದಿದ್ದರೆ? ಸ್ಕ್ಯಾನು ಬ್ಯಾಕಪ್ಪು, ನಿಜ. ಸರ್ವರ್ ಸುಟ್ಟರೂ ಪರವಾಗಿಲ್ಲ ಬ್ಯಾಕಪ್ ಇದೆ ಅಂತ ಯಾವ ಕಂಪನಿಯೂ ಸರ್ವರ್‌ಗೆ ಬೆಂಕಿ ಇಡಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಊರ ಹಿರಿಯರು ಕೇಳ್ತಾರೆ: ‘ನೀವು ಓದೋಕೆ ಮುಂಚೆ ಈ ಕಲ್ಲನ್ನು ಕಾಯ್ದೋರು ನಾವು. ಪೂಜೆ ಮಾಡಿದ್ದಕ್ಕೇ ಉಳೀತು.’ ಈ ಮಾತು ನಿಜ. ಪೂಜೆಯಿಲ್ಲದ ಎಷ್ಟೋ ಕಲ್ಲು ಚಪ್ಪಡಿಯಾಗಿವೆ, ಜಲ್ಲಿಯಾಗಿವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿ ಕುಸಿದಾಗ, ದೇವಿಯ ಪೀಠವಾಗಿದ್ದ ಚಪ್ಪಡಿ ಅಶೋಕನ ಶಾಸನ ಅಂತ ಗೊತ್ತಾಯಿತು. ಗುಡಿ ಅದನ್ನು ಶತಮಾನಗಳ ಕಾಲ ಕಾಪಾಡಿತ್ತು. ಮೂರ್ತಿ ಕೂರಿಸೋಕೆ ಅಂತ ನಡುವೆ ತೂತು ಕೊರೆದು ಅಶೋಕನ ಕೆಲವು ಅಕ್ಷರಗಳನ್ನು ನುಂಗಿಯೂ ಇತ್ತು. ಎರಡೂ ಒಂದೇ ಕಲ್ಲಿನಲ್ಲಿವೆ. ಹಾಗಾಗಿ ಪೂಜೆ ನಿಲ್ಲಿಸಿ ಅನ್ನೋದು ಮೂರ್ಖತನ, ಅಹಂಕಾರ ಕೂಡ. ಕೇಳಬೇಕಾದ್ದು ಸಣ್ಣದು. ದೀಪವನ್ನು ಒಂದಡಿ ಮುಂದಕ್ಕಿಡಿ. ಎಣ್ಣೆಯನ್ನು ಬರಹದ ಮೇಲೆ ಹಾಕಬೇಡಿ. ಬಣ್ಣ ಬೇಕೇ ಬೇಕು ಅಂದರೆ ಅಕ್ಷರದ ಭಾಗ ಬಿಡಿ. ಕೂತು ಓದಿ ಹೇಳಿ ನೋಡಿ, ‘ಈ ಕಲ್ಲು ನಿಮ್ಮೂರ ಇಂಥವನು ದನ ಬಿಡಿಸಿಕೊಳ್ಳೋಕೆ ಹೋಗಿ ಸತ್ತದ್ದಕ್ಕೆ ಹಾಕಿಸಿದ್ದು’ ಅಂತ. ಆಮೇಲೆ ಅದಕ್ಕೆ ಬ್ರಷ್ ತರೋಕೆ ಯಾರಿಗೂ ಮನಸ್ಸು ಬರಲ್ಲ. ಓದಿದರೆ ಸಂರಕ್ಷಣೆ ತಾನಾಗೇ ಶುರುವಾಗುತ್ತೆ.

ಕಾನೂನಿನ ಮೇಲೆ ನನಗೆ ಪೂರ್ತಿ ಭರವಸೆ ಇಲ್ಲ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡೂ ರಕ್ಷಿತ ಅಂತ ಘೋಷಿಸಿದ ಸ್ಮಾರಕಗಳನ್ನು ಕಾಯುತ್ತವೆ. ಹೊಲದ ಬದುವಿನ ವೀರಗಲ್ಲು ಬಹುತೇಕ ಯಾವ ಪಟ್ಟಿಯಲ್ಲೂ ಇಲ್ಲ. ಅತ್ತ ಎಕ್ಸ್‌ಪ್ರೆಸ್‌ವೇ ಬಂತು, ಲೇಔಟ್ ಬರ್ತಿವೆ, ಜಿಲ್ಲೆಯ ಹೆಸರಿಗೇ ಬೆಂಗಳೂರು ಸೇರಿತು. ನಮ್ಮಂಥವರು ಇಎಂಐ ಕಟ್ಟಿ ಕೊಳ್ಳೋ ಸೈಟುಗಳೇ ಆ ಬದುವಿನ ಮೇಲೆ ಏಳೋದು. ಆದ್ದರಿಂದ ಇದು ಇಲಾಖೆಯ ಸಮಸ್ಯೆ ಅಂತ ಕೈ ತೊಳೆದುಕೊಳ್ಳೋ ಹಾಗಿಲ್ಲ.

ಹಾಗಾದರೆ ನೀವೇನು ಮಾಡಬಹುದು? ಮುಂದಿನ ಸಲ ಮಾಗಡಿ, ಕನಕಪುರ ಕಡೆ ಹೋದಾಗ ಕಲ್ಲು ಕಂಡರೆ ಮುಟ್ಟಬೇಡಿ, ನೀರು ಹಾಕಬೇಡಿ, ಸೀಮೆಸುಣ್ಣದಿಂದ ಅಕ್ಷರ ತಿದ್ದಬೇಡಿ. ಸಂಜೆ ಬಿಸಿಲು ಓರೆಯಾಗಿ ಬೀಳೋ ಹೊತ್ತಿಗೆ, ಅಥವಾ ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೋ ತೆಗೀರಿ. ಎದುರಿನಿಂದ ಕಾಣದ ಅಕ್ಷರ ಪಕ್ಕದ ಬೆಳಕಿಗೆ ನೆರಳಾಗಿ ಎದ್ದು ನಿಲ್ಲುತ್ತೆ. ಲೊಕೇಶನ್ ಗುರುತು ಹಾಕಿ, ಊರವರು ಆ ಕಲ್ಲಿಗೆ ಏನಂತಾರೆ ಅಂತ ಕೇಳಿ ಬರೆದುಕೊಳ್ಳಿ, ಶಾಸನ ಓದುವವರಿಗೆ ಕಳಿಸಿ. ಮನೆಯಲ್ಲಿ ತಾತನ ಕಾಲದ ತಾಮ್ರದ ಪಾತ್ರೆ ಇದ್ದರೆ, ಬೆಳಗೋ ಮುಂಚೆ ಯಾರದ್ದು, ಎಲ್ಲಿಂದ ಬಂತು ಅಂತ ಅಜ್ಜಿಯನ್ನು ಕೇಳಿ ಒಂದು ಚೀಟಿ ಬರೆದು ಒಳಗಿಡಿ. ಪಾತ್ರೆ ಹೊಳೆಯೋಕೆ ನಾಳೆಯೂ ಟೈಮ್ ಇದೆ. ಅಜ್ಜಿ ಹೇಳೋಕೆ ಅಷ್ಟು ಟೈಮ್ ಇರಲಿಕ್ಕಿಲ್ಲ.